ಕಲ್ಲು ಓದೋಕೆ ಮೊದಲು ಅಜ್ಜಿನ ಕೇಳಬೇಕಿತ್ತು

ಕೋಲಾರ ಸೀಮೆಯ ಶಾಸನ ಮತ್ತು ಕೆರೆಗಳ ಬೆನ್ನು ಹತ್ತಿ ಸುಮಾರು 30 ವರ್ಷ ಓಡಾಡಿದ ನಿವೃತ್ತ ಶಿಕ್ಷಕರೊಬ್ಬರ ಮಾತು. ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ ಇಲ್ಲಿದೆ.



‘ಸಾರ್, ನೀವು ಸಂಶೋಧನೆ ಮಾಡೋ ರೀತಿ ಇಷ್ಟು ವರ್ಷದಲ್ಲಿ ಹೇಗೆ ಬದಲಾಯ್ತು ಅಂತ ಹೇಳಿ’ ಅಂದ್ರು ನನ್ನನ್ನ ಇಲ್ಲಿಗೆ ಕರೆದವರು. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಪ್ರೊಫೆಸರ್ ಅಲ್ಲ, ಪಿಎಚ್‌.ಡಿ. ಮಾಡಿದವನೂ ಅಲ್ಲ. ಮುಳಬಾಗಿಲು ತಾಲ್ಲೂಕಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಭಾನುವಾರ ಬಂದ್ರೆ, ದಸರಾ ರಜೆ ಬಂದ್ರೆ, ಚೀಲ ಹೆಗಲಿಗೆ ಹಾಕ್ಕೊಂಡು ಶಾಸನ ಹುಡುಕ್ತಾ ಹೋಗೋದು ನನಗೆ ಅಂಟಿದ ಚಟ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕು ನನ್ನ ಓಡಾಟದ ಮೇರೆ.

ರೀತಿ ಬದಲಾಗಿದೆ, ನಿಜ. ಆದರೆ ಹಾಗಂದ ಕೂಡಲೇ ಎಲ್ಲರೂ ಕಂಪ್ಯೂಟರ್ ಬಂತು, ಮೊಬೈಲ್ ಬಂತು ಅಂತ ತಿಳ್ಕೊಳ್ತಾರೆ. ಅದೂ ಬಂತು, ಅದರ ಬಗ್ಗೆಯೂ ಹೇಳ್ತೀನಿ. ಆದರೆ ನನ್ನನ್ನ ನಿಜವಾಗಿ ಬದಲಾಯಿಸಿದ್ದು ಒಂದು ತಪ್ಪು. ಅದನ್ನ ಮಾಡಿದವನು ನಾನೇ. ಇವತ್ತು ಅದನ್ನೇ ಹೇಳೋಣ ಅಂತ ಬಂದಿದ್ದೀನಿ.

ರೈಸ್ ಸಾಹೇಬರ ಪುಸ್ತಕ ಹಿಡಿದು

1994ರ ಸುಮಾರು. ಆಗ ನನ್ನ ಚೀಲದಲ್ಲಿ ಇರ್ತಿದ್ದದ್ದು ಇಷ್ಟು: ಇನ್ನೂರು ಪುಟದ ಒಂದು ನೋಟ್‌ಬುಕ್, ತೆಂಗಿನ ನಾರಿನ ಬ್ರಷ್ಷು, ಒಂದು ಬಾಟಲಿ ನೀರು, ಸೀಮೆಸುಣ್ಣದ ಪುಡಿ, ಮತ್ತೆ ಯಾರದೋ ಹತ್ತಿರ ಎರವಲು ತಂದ ಕ್ಯಾಮೆರಾ. ಒಂದು ರೋಲ್‌ಗೆ 36 ಫೋಟೊ. ತೊಳೆಸಿ ಪ್ರಿಂಟ್ ಹಾಕಿಸೋ ಖರ್ಚು ನೆನೆಸ್ಕೊಂಡು ಒಂದು ಕಲ್ಲಿಗೆ ಒಂದೇ ಫೋಟೊ ಅಂತ ನಿಯಮ ಮಾಡ್ಕೊಂಡಿದ್ದೆ.

ಇದಕ್ಕೆಲ್ಲ ಮೂಲ ಒಂದು ಪುಸ್ತಕ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಅಂತ ಕೇಳಿರ್ತೀರಿ. ಬಿ.ಎಲ್. ರೈಸ್ ಅವರು ಹಳೇ ಮೈಸೂರು ಸಂಸ್ಥಾನದ ಊರೂರು ಸುತ್ತಿಸಿ, ಶಾಸನಗಳ ಪ್ರತಿ ತೆಗೆಸಿ, ಜಿಲ್ಲಾವಾರು ಅಚ್ಚು ಹಾಕಿಸಿದ ಸಂಪುಟಗಳು. ಅದರಲ್ಲಿ ಹತ್ತನೆಯದು ಕೋಲಾರ ಜಿಲ್ಲೆಯದು, 1905ರಲ್ಲಿ ಬಂದದ್ದು. ಶಾಸನದ ಪಾಠ, ಅದೇ ರೋಮನ್ ಲಿಪಿಯಲ್ಲಿ, ಆಮೇಲೆ ಇಂಗ್ಲಿಷ್ ಅನುವಾದ. ಪ್ರತಿ ತಾಲ್ಲೂಕಿಗೂ ಒಂದು ಸಂಕೇತ, ಪ್ರತಿ ಶಾಸನಕ್ಕೂ ಒಂದು ನಂಬರ್. ಕೋಲಾರಕ್ಕೆ ‘ಕೆ.ಎಲ್.’, ಮುಳಬಾಗಿಲಿಗೆ ‘ಎಂ.ಬಿ.’, ಮಾಲೂರಿಗೆ ‘ಎಂ.ಆರ್.’, ಶ್ರೀನಿವಾಸಪುರಕ್ಕೆ ‘ಎಸ್.ಪಿ.’. ಇವತ್ತಿನ ಬಂಗಾರಪೇಟೆ ಅದರಲ್ಲಿ ಬೌರಿಂಗ್‌ಪೇಟೆ.

ಆ ಪುಸ್ತಕ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಬೆಂಗಳೂರಿಗೆ ಬಸ್ ಹತ್ತಿ ಲೈಬ್ರರಿಯಲ್ಲಿ ಕೂತು ಕೈಯಲ್ಲೇ ಬರ್ಕೊಳ್ತಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ಬರೆದರೆ ಹತ್ತು ಹನ್ನೆರಡು ಶಾಸನ. ಊರಿಗೆ ಬಂದು ಆ ಪಟ್ಟಿ ಹಿಡ್ಕೊಂಡು ಸೈಕಲ್ ತುಳೀತಾ ಹೊರಡೋದು. ಇಂಥ ಊರಿನ ಆಂಜನೇಯನ ಗುಡಿ ಮುಂದಿನ ಕಲ್ಲು, ಇಂಥ ಊರಿನ ಕೆರೆ ತೂಬಿನ ಹತ್ತಿರದ ಕಲ್ಲು ಅಂತ ಪುಸ್ತಕದಲ್ಲಿ ವಿಳಾಸ ಇರುತ್ತಲ್ಲ, ತೊಂಬತ್ತು ವರ್ಷ ಹಳೇ ವಿಳಾಸ, ಅದನ್ನ ಹುಡುಕೋದು. ಕಲ್ಲು ಸಿಕ್ಕಿದ್ರೆ ಪಟ್ಟಿಯಲ್ಲಿ ಒಂದು ರೈಟ್ ಮಾರ್ಕ್. ಸಿಗದಿದ್ರೆ ಒಂದು ಇಂಟು. ಮುಂದಿನ ಊರು.

ಆ ಸುಖವೇ ಬೇರೆ. ಆವಣಿಗೆ ಮೊದಲ ಸಲ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ರಾಮಲಿಂಗೇಶ್ವರ ಗುಡಿಗಳ ಗುಂಪು, ನೊಳಂಬರ ಕಾಲದ್ದು. ಕ್ರಿ.ಶ. 961ರಲ್ಲಿ ತೀರಿಕೊಂಡ ತ್ರಿಭುವನಕರ್ತಾರ ಅನ್ನೋ ಶೈವ ಯತಿಯ ಬಗ್ಗೆ ಅಲ್ಲಿನ ಶಾಸನ ಹೇಳುತ್ತೆ. ನಲವತ್ತು ವರ್ಷ ಆವಣಿಯ ಸ್ಥಾನವನ್ನ ಆಳಿದ, ಐವತ್ತು ದೇವಾಲಯ ಕಟ್ಟಿಸಿದ, ಎರಡು ದೊಡ್ಡ ಕೆರೆ ಕಟ್ಟಿಸಿದ ಅಂತ. ಪಾಠ ಮಾಡೋವಾಗ ಮಕ್ಕಳಿಗೆ ಐವತ್ತು ದೇವಾಲಯ ಅಂದ್ರೆ ಬಾಯಿ ಬಿಡ್ತಿದ್ರು. ನನ್ನ ಮನಸ್ಸು ಮಾತ್ರ ಆ ಎರಡು ಕೆರೆ ಮೇಲೆ ನಿಂತುಬಿಡ್ತು. ಹರಿಯೋ ನದಿ ಅಂತ ಕೈಗೆ ಸಿಗದ ಸೀಮೆ ನಮ್ಮದು. ಪಾಲಾರ್ ಇದೆ, ದಕ್ಷಿಣ ಪಿನಾಕಿನಿ ಇದೆ, ಆದರೆ ನೀರು ನಿಲ್ಲೋದು ಕೆರೆಯಲ್ಲೇ. ಅವಿಭಜಿತ ಕೋಲಾರ ಜಿಲ್ಲೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆ ಅಂತ ಲೆಕ್ಕ ಹೇಳ್ತಾರೆ. ಕೆರೆ ಕಟ್ಟಿಸಿದವನಿಗೆ, ರಿಪೇರಿ ಮಾಡಿಸಿದವನಿಗೆ ಕೊಟ್ಟ ಜಮೀನಿನ ಶಾಸನಗಳು ಇಲ್ಲಿ ಸಾಲು ಸಾಲು. ಬಿತ್ತುವಟ್ಟ, ಕೆರೆಕೊಡಗೆ, ದಶವಂದ, ಈ ಪದಗಳು ಮತ್ತೆ ಮತ್ತೆ ಬರ್ತವೆ. ಸರಿ, ನನ್ನ ಕೆಲಸ ಇನ್ನು ಕೆರೆ ಶಾಸನ ಅಂತ ತೀರ್ಮಾನ ಮಾಡ್ಕೊಂಡೆ.

ನಾನು ‘ಕಂಡುಹಿಡಿದ’ ಕಲ್ಲು

ಈಗ ಆ ತಪ್ಪಿನ ಕಥೆ. ಊರಿನ ಹೆಸರು ಹೇಳೋದಿಲ್ಲ, ಮುಳಬಾಗಿಲು ತಾಲ್ಲೂಕಿನ ಒಂದು ಊರು ಅಂತ ಇಟ್ಕೊಳ್ಳಿ.

ಆ ಊರಿನ ಕೆರೆ ತೂಬಿಗೆ ಹಾಸಿದ್ದ ಚಪ್ಪಡಿಗಳಲ್ಲಿ ಒಂದರ ಮೇಲೆ ಅಕ್ಷರ ಕಂಡೆ. ಮೈಯೆಲ್ಲ ಜುಂ ಅಂತು. ಲೈಬ್ರರಿಯಲ್ಲಿ ಬರ್ಕೊಂಡಿದ್ದ ಪಟ್ಟಿ ತೆಗೆದು ನೋಡಿದೆ, ಆ ಊರಿನ ಹೆಸರಿನ ಕೆಳಗೆ ಇಂಥ ಶಾಸನವೇ ಇಲ್ಲ. ಹಾಗಾದ್ರೆ ಇದು ಅಪ್ರಕಟಿತ! ಹೊಸ ಶೋಧ! ನೀರು ಕಡಿಮೆ ಇದ್ದ ಕಾಲ, ಕೆಸರಲ್ಲಿ ಮಂಡಿಯೂರಿ ಎರಡು ದಿನ ಓದಿದೆ. ಕಲ್ಲಿನ ಒಂದು ಬದಿ ಒಡೆದುಹೋಗಿತ್ತು. ಕೆರೆ ಅನ್ನೋ ಪದ ಇತ್ತು, ಬಿತ್ತುವಟ್ಟ ಅನ್ನೋದು ಇತ್ತು. ಯಾವ ಊರಿನ ಕೆರೆ ಅನ್ನೋ ಜಾಗದಲ್ಲಿ ಎರಡೇ ಅಕ್ಷರ ಉಳಿದಿತ್ತು. ಆ ಎರಡು ಅಕ್ಷರ ಆ ಊರಿನ ಹೆಸರಲ್ಲೂ ಇದ್ದವು. ಉಳಿದದ್ದನ್ನ ನಾನೇ ತುಂಬಿಸಿದೆ.

2004ರಲ್ಲಿ ಒಂದು ಸ್ಮರಣ ಸಂಚಿಕೆಗೆ ಲೇಖನ ಬರೆದೆ. ಈ ಊರಿನ ಕೆರೆ ಸಾವಿರ ವರ್ಷ ಹಳೆಯದು, ಈ ಸಾಲಿನ ಕೆರೆಗಳಲ್ಲೇ ಮೊದಲು ಕಟ್ಟಿದ್ದು ಅಂತ. ಊರಿನವರು ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದ್ರು. ಬೇಡ ಅನ್ನಲಿಲ್ಲ ನಾನು.

ಹದಿನೇಳು ವರ್ಷ ಕಳೀತು. 2021ರ ಹಿಂಗಾರು ನಿಮಗೆ ನೆನಪಿರಬೇಕು. ನವೆಂಬರ್‌ನಲ್ಲಿ ಸುರಿದ ಮಳೆಗೆ ಜಿಲ್ಲೆಯ ಎಷ್ಟೋ ಕೆರೆ ಕೋಡಿ ಹೋದವು. ದಶಕಗಳಿಂದ ಕೆರೆ ತುಂಬಿದ್ದನ್ನೇ ನೋಡದಿದ್ದ ಜನ ಬಾಗಿನ ಬಿಟ್ಟರು, ಸೆಲ್ಫಿ ತೆಗೆದರು. ಅದರ ಬೆನ್ನಲ್ಲೇ ಜಗಳಗಳೂ ಶುರುವಾದವು. ನಾನು ಬರೆದಿದ್ದ ಊರಿನವರು ಕೋಡಿಗೆ ಮರಳಿನ ಮೂಟೆ ಇಟ್ಟು ಒಂದೂವರೆ ಅಡಿ ಎತ್ತರ ಮಾಡಿದ್ರು, ನೀರು ಇನ್ನಷ್ಟು ನಿಲ್ಲಲಿ ಅಂತ. ಕೆಳಗಿನ ಊರಿನ ಕೆರೆಗೆ ನೀರು ಹೋಗೋದು ನಿಂತುಹೋಯ್ತು. ಕೆಳಗಿನವರು ಗಲಾಟೆಗೆ ಬಂದ್ರು. ಪಂಚಾಯ್ತಿ ಕಟ್ಟೆ ಮೇಲೆ ಎರಡೂ ಊರು ಸೇರ್ತು. ಅಲ್ಲಿ ಒಬ್ಬ ಹುಡುಗ, ನನ್ನ ಶಿಷ್ಯನೇ, ನನ್ನ ಲೇಖನದ ಜೆರಾಕ್ಸ್ ಎತ್ತಿ ಹಿಡಿದ. ‘ನೋಡಿ, ಶಾಸನದಲ್ಲೇ ಇದೆ. ಮೊದಲು ಕಟ್ಟಿದ್ದು ನಮ್ಮ ಕೆರೆ. ಮೊದಲ ಹಕ್ಕು ನಮ್ಮದು’ ಅಂದ.

ನನ್ನನ್ನೂ ಕರೆಸಿದ್ರು. ಎದ್ದು ನಿಂತು ಮಾತಾಡೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಆಚೆ ಹುಣಿಸೆ ಮರದ ಕೆಳಗೆ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸು ಹೇಳಿದ್ರು:

‘ಮೇಷ್ಟ್ರೇ, ಆ ಕಲ್ಲು ನಮ್ಮ ಕೆರೇದಲ್ಲ.’

ಎಲ್ಲರೂ ತಿರುಗಿ ನೋಡಿದ್ರು. ಆಕೆ ಹೆದರಲಿಲ್ಲ. ‘ತೂಬು ರಿಪೇರಿ ಮಾಡ್ದಾಗ ಚಪ್ಪಡಿ ಸಾಲದೆ ಕೆಳಗಿನ ಬೇಚರಾಕ್ ಊರಿಂದ ಗಾಡಿಯಲ್ಲಿ ಹೊಡ್ಕೊಂಡು ಬಂದಿದ್ದು. ಗಾಡಿ ಹೊಡೆದಿದ್ದು ನಮ್ಮ ಯಜಮಾನರು. ಇಳಿಸೋವಾಗ ಒಂದು ಮೂಲೆ ಒಡೀತು, ಕಂಟ್ರಾಕ್ಟ್ರು ಬೈದ್ರು. ನಾನು ಮದ್ವೆಯಾಗಿ ಬಂದ ವರ್ಷ.’

ಆಕೆಯ ಯಜಮಾನರು ಆ ಊರಿನ ಕೊನೇ ನೀರಗಂಟಿ. ತೀರಿಕೊಂಡು ಎರಡು ವರ್ಷ ಆಗಿತ್ತು.

ಇನ್ನೊಂದು ವಿಷಯ ಕೇಳಿ. ಆ ನೀರಗಂಟಿ ತಾತನನ್ನ ನಾನು ಬಲ್ಲೆ. ಕಡಿಮೆ ಅಂದ್ರೂ ಮೂರು ಸಲ ಅವರು ನನ್ನನ್ನ ಆ ತೂಬಿನ ಹತ್ತಿರ ಕರ್ಕೊಂಡು ಹೋಗಿದ್ರು. ಕೆಸರಲ್ಲಿ ನನ್ನ ಚೀಲ ಹಿಡ್ಕೊಂಡು ನಿಂತಿದ್ರು. ಬೀಡಿ ಸೇದ್ತಾ ನಾನು ಅಕ್ಷರ ಉಜ್ಜೋದನ್ನ ನೋಡ್ತಿದ್ರು. ನಾನು ಅವರನ್ನ ಕೇಳಿದ್ದು ಒಂದೇ ಪ್ರಶ್ನೆ: ‘ಕಲ್ಲು ಎಲ್ಲಿದೆ?’ ಅದು ಎಲ್ಲಿಂದ ಬಂತು ಅಂತ ಕೇಳಲೇ ಇಲ್ಲ. ಕೇಳಿದ್ರೆ ಹೇಳ್ತಿದ್ರು. ಕೇಳದೆ ಮೇಷ್ಟ್ರಿಗೆ ಹೇಳೋದು ಹೇಗೆ ಅಂತ ಸುಮ್ಮನಿದ್ರೇನೋ. ಊರಿನ ಇತಿಹಾಸ ಕೇಳಬೇಕು ಅನ್ನಿಸಿದಾಗೆಲ್ಲ ನಾನು ಹೋಗ್ತಿದ್ದದ್ದು ಹಳೇ ಪಟೇಲರ ಮನೆಗೆ, ಶಾನುಭೋಗರ ಮನೆಗೆ. ಕಾಫಿ ಕುಡಿದು, ಜಗಲಿ ಮೇಲೆ ಕೂತು ಬರ್ಕೊಳ್ತಿದ್ದೆ. ನೀರಗಂಟಿಯ ಮನೆ ಊರಾಚೆ ಕಾಲೊನಿಯಲ್ಲಿ. ಅಲ್ಲಿ ಕೂತು ಬರ್ಕೊಂಡಿದ್ದು ಒಂದು ಪುಟವೂ ಇಲ್ಲ. ಈ ಮಾತು ಹೇಳೋಕೆ ಇವತ್ತಿಗೂ ನನಗೆ ನಾಚಿಕೆ ಆಗುತ್ತೆ. ಆದರೆ ಹೇಳದೆ ಹೋದ್ರೆ ನನ್ನ ರೀತಿ ಯಾಕೆ ಬದಲಾಯ್ತು ಅನ್ನೋದು ನಿಮಗೆ ಗೊತ್ತಾಗೋದಿಲ್ಲ.

ಪುಸ್ತಕವೂ ಅಜ್ಜಿಯೂ ಹೇಳಿದ್ದು ಒಂದೇ

ಮನೆಗೆ ಬಂದೆ, ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಹೊತ್ತಿಗೆ ರೈಸ್ ಅವರ ಸಂಪುಟ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗ್ತಿತ್ತು. ಮಗಳು ಡೌನ್‌ಲೋಡ್ ಮಾಡಿಕೊಟ್ಟಿದ್ಲು. ಅಜ್ಜಿ ಹೇಳಿದ ಬೇಚರಾಕ್ ಊರಿನ ಹೆಸರು ಹುಡುಕಿದೆ. ಬೇಚರಾಕ್ ಅಂದ್ರೆ ಜನವಸತಿ ಇಲ್ಲದ ಊರು. ಮನೆ ಇರೋಲ್ಲ, ಮತದಾರರು ಇರೋಲ್ಲ, ಆದರೆ ಕಂದಾಯ ದಾಖಲೆಯಲ್ಲಿ ಗ್ರಾಮ ಅಂತ ಹೆಸರು ಇರುತ್ತೆ. ನಮ್ಮ ಜಿಲ್ಲೆಯಲ್ಲಿ ಇಂಥವು ಬಹಳ.

ಇತ್ತು. ಆ ಊರಿನ ಹೆಸರಿನ ಕೆಳಗೆ ನನ್ನ ಕಲ್ಲು ಇತ್ತು. ಅದರ ಪಾಠ ನೂರಕ್ಕೂ ಹೆಚ್ಚು ವರ್ಷದಿಂದ ಅಚ್ಚಾಗಿ ಕೂತಿತ್ತು. ರೈಸ್ ಅವರ ಕಡೆಯವರು ಪ್ರತಿ ತೆಗೆದಾಗ ಕಲ್ಲು ಒಡೆದಿರಲಿಲ್ಲ. ಹಾಗಾಗಿ ಊರಿನ ಹೆಸರು ಪೂರ್ತಿ ಇತ್ತು. ಅದು ನಾನು ತುಂಬಿಸಿದ ಹೆಸರಲ್ಲ. ಕೆಳಗಿನ ಕೆರೆಯ ಹೆಸರು.

ಅಂದ್ರೆ ನೋಡಿ. ಪುಸ್ತಕ ಸರಿಯಾಗಿತ್ತು. ಅಜ್ಜಿಯ ನೆನಪು ಸರಿಯಾಗಿತ್ತು. ಒಂದಕ್ಷರ ಓದೋಕೆ ಬಾರದ ಅಜ್ಜಿ, ಕೋಲಾರದ ಕಾಲುದಾರಿಗಳನ್ನ ಅಳೆಸಿದ ಇಂಗ್ಲಿಷ್ ವಿದ್ವಾಂಸ, ಇಬ್ಬರೂ ಒಂದೇ ಮಾತು ಹೇಳ್ತಿದ್ರು. ಮಧ್ಯದಲ್ಲಿ ನಿಂತು ತಪ್ಪಿದವನು ನಾನೊಬ್ಬ. ಯಾಕೆ? ಪುಸ್ತಕದಲ್ಲಿ ಈ ಊರಿನ ಹೆಸರಿನ ಕೆಳಗೆ ಮಾತ್ರ ಹುಡುಕಿದೆ. ಕಲ್ಲು ನಡೆಯುತ್ತೆ ಅನ್ನೋದು ನನಗೆ ಹೊಳೆಯಲೇ ಇಲ್ಲ. ಉತ್ತರ ಮೊದಲೇ ಜೇಬಲ್ಲಿ ಇಟ್ಕೊಂಡು ಊರಿಗೆ ಹೋಗಿದ್ದೆ, ಸಾಕ್ಷಿ ಮಾತ್ರ ಬೇಕಿತ್ತು ನನಗೆ.

ನಮ್ಮ ಕಡೆ ಕಲ್ಲು ನಡೆಯೋದು ಅಪರೂಪ ಅಲ್ಲ. ವೀರಗಲ್ಲು ಬಟ್ಟೆ ಒಗೆಯೋ ಕಲ್ಲಾಗುತ್ತೆ. ಶಾಸನದ ಚಪ್ಪಡಿ ಚರಂಡಿ ಮೇಲಿನ ಹಾಸು ಆಗುತ್ತೆ. ಗುಡಿ ಜೀರ್ಣೋದ್ಧಾರದಲ್ಲಿ ಮೆಟ್ಟಿಲಾಗುತ್ತೆ, ಟೈಲ್ಸ್ ಕೆಳಗೆ ಹೂತುಹೋಗುತ್ತೆ. ಕಲ್ಲು ಈಗ ಎಲ್ಲಿದೆ ಅನ್ನೋದು ಒಂದು ಪ್ರಶ್ನೆ. ಅಲ್ಲಿಗೆ ಯಾರು, ಯಾವಾಗ, ಯಾಕೆ ತಂದ್ರು ಅನ್ನೋದು ಇನ್ನೊಂದು. ಎರಡನೇದಕ್ಕೆ ಉತ್ತರ ಯಾವ ಲೈಬ್ರರಿಯಲ್ಲೂ ಇರೋಲ್ಲ.

ಈಗ ನಾನು ಹೇಗೆ ಕೆಲಸ ಮಾಡ್ತೀನಿ

ಮೊದಲು ನನ್ನ ಕ್ರಮ ಹೀಗಿತ್ತು: ಪುಸ್ತಕ, ಆಮೇಲೆ ಕಲ್ಲು, ಟೈಮ್ ಇದ್ರೆ ಜನ. ಈಗ ತಿರುಗಿಸಿದ್ದೀನಿ. ಮೊದಲು ಜನ, ಆಮೇಲೆ ನಕ್ಷೆ, ಆಮೇಲೆ ಕಲ್ಲು, ಕೊನೆಗೆ ಪುಸ್ತಕ. ಪುಸ್ತಕ ಓದಿರ್ತೀನಿ, ಇಲ್ಲ ಅನ್ನೋಲ್ಲ. ಆದರೆ ಊರಿಗೆ ಹೋದ ಮೊದಲ ದಿನ ಅದನ್ನ ಚೀಲದಿಂದ ಹೊರಗೆ ತೆಗೆಯೋದಿಲ್ಲ.

ಮೊದಲು ಹುಡುಕೋದು ನೀರಗಂಟಿ ಮನೆತನ. ಈ ತಲೆಮಾರಿನವರಿಗೆ ನೀರಗಂಟಿ ಅಂದ್ರೆ ಗೊತ್ತಿಲ್ಲದೆ ಇರಬಹುದು. ಕೆರೆಯ ತೂಬು ತೆಗೆಯೋದು, ಮುಚ್ಚೋದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಹಾಯಿಸೋದು ಅವರ ಕೆಲಸ. ಯಾವ ರೈತನೂ ತಾನೇ ಹೋಗಿ ನೀರು ತಿರುಗಿಸೋ ಹಾಗಿರಲಿಲ್ಲ. ಕೆರೆಯಲ್ಲಿ ನೀರು ಎಷ್ಟಿದೆ ಅಂತ ತೂಬಿನ ಕಲ್ಲುಕಂಬ ನೋಡಿ ಅಳೆದು, ಈ ಸಲ ಭತ್ತಕ್ಕೆ ಸಾಕೋ, ರಾಗಿ ಹಾಕಬೇಕೋ ಅಂತ ಹೇಳಬಲ್ಲವರು. ಮಳೆ ಜೋರಾದ ರಾತ್ರಿ ಏರಿ ಮೇಲೆ ಲಾಟೀನು ಹಿಡಿದು ಕಾಯ್ತಾ ಇದ್ದವರೂ ಅವರೇ. ಕೂಲಿ ಅಂತ ದುಡ್ಡಿಲ್ಲ, ಸುಗ್ಗಿಯಲ್ಲಿ ಕಾಳಿನ ಆಯ, ಜೊತೆಗೆ ಸ್ವಲ್ಪ ಇನಾಂ ಜಮೀನು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಬಂದಮೇಲೆ ಶಾನುಭೋಗ, ಪಟೇಲರ ಜೊತೆಗೆ ತೋಟಿ, ತಳವಾರ, ನೀರಗಂಟಿಗಳ ವಂಶಪಾರಂಪರ್ಯ ಹುದ್ದೆಯೂ ಕಾನೂನಿನಲ್ಲಿ ಹೋಯ್ತು. ಕೆಲಸ ಮಾತ್ರ ಎಷ್ಟೋ ಊರಲ್ಲಿ ಹಾಗೇ ನಡೀತಾ ಬಂತು. ಆಮೇಲೆ ಕೆರೆ ಒಣಗಿತು, ಬೋರ್‌ವೆಲ್ ಸಾವಿರ ಅಡಿ ದಾಟಿತು, ಕೆಲಸವೂ ನಿಂತಿತು.

ಅವರ ಹತ್ತಿರ ನಾನು ಶಾಸನದ ಸುದ್ದಿ ಎತ್ತೋದೇ ಇಲ್ಲ. ‘ತಾತ, ಕೆರೆ ತುಂಬಿದ್ದ ಒಂದು ವರ್ಷ ನೆನಪು ಮಾಡ್ಕೊಳ್ಳಿ. ಮೊದಲು ಯಾರ ಗದ್ದೆಗೆ ನೀರು ಬಿಡ್ತಿದ್ರಿ?’ ಅಂತ ಶುರು ಮಾಡ್ತೀನಿ. ಸುಮ್ಮನೆ ಕೇಳ್ತಾ ಕೂರ್ತೀನಿ. ಒಂದು ಗಂಟೆ ಆದಮೇಲೆ ಕಲ್ಲಿನ ಸುದ್ದಿ ತಾನಾಗೇ ಬರುತ್ತೆ.

ಶ್ರೀನಿವಾಸಪುರದ ಕಡೆ ಇನ್ನೊಂದು ಪಾಠ ಕಲಿತೆ. ಅಲ್ಲಿ ಮಾವಿನ ತೋಪುಗಳ ನಡುವಿನ ಊರುಗಳಲ್ಲಿ ಮನೆಮಾತು ತೆಲುಗು. ಪಹಣಿಯಲ್ಲಿ ‘ದೊಡ್ಡಕೆರೆ’ ಅಂತ ಇರೋದು ಜನರ ಬಾಯಲ್ಲಿ ‘ಪೆದ್ದ ಚೆರುವು’. ವರ್ಷಗಟ್ಟಲೆ ನಾನು ಕನ್ನಡದ ಹೆಸರು ಹಿಡ್ಕೊಂಡು ಕೇಳ್ತಿದ್ದೆ, ‘ಅಂಥದ್ದು ಇಲ್ಲ ಸಾರ್’ ಅಂತಿದ್ರು. ಸುಳ್ಳು ಹೇಳ್ತಿರಲಿಲ್ಲ ಅವರು, ಆ ಹೆಸರಿನದು ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಈಗ ಪ್ರತಿ ಕೆರೆಗೂ ಎರಡು ಹೆಸರು ಬರ್ಕೊಳ್ತೀನಿ, ದಾಖಲೆಯದೊಂದು, ಬಾಯಿಯದೊಂದು.

ಕೋಲಾರದಲ್ಲಿ ನನ್ನ ಅಹಂಕಾರ ಇಳಿಸಿದ್ದು ಕೋಲಾರಮ್ಮನ ಗುಡಿ. ಅಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ನನಗೆ ತಮಿಳು ಓದೋಕೆ ಬಾರದು. ಇಂಗ್ಲಿಷ್ ಅನುವಾದ ಓದಿ, ಅದನ್ನ ಕನ್ನಡಕ್ಕೆ ತಿರುಗಿಸಿ ಬರೀತಿದ್ದೆ. ಈಗ ಕೆಜಿಎಫ್‌ನ ಒಬ್ಬ ತಮಿಳು ಬಲ್ಲ ಗೆಳೆಯರ ಜೊತೆ ಕೂತು ಓದ್ತೀನಿ. ಒಂದು ದಿನ ಅವರು ‘ಏರಿ’ ಅಂತ ಓದಿದ್ರು. ನಾನು ‘ಹೌದು, ಕಟ್ಟೆ’ ಅಂದೆ. ಅವರು ನಕ್ಕರು. ಕನ್ನಡದಲ್ಲಿ ಏರಿ ಅಂದ್ರೆ ಕೆರೆಯ ದಂಡೆ, ನೀರು ತಡೆಯೋ ಮಣ್ಣಿನ ಕಟ್ಟೆ. ತಮಿಳಿನಲ್ಲಿ ಏರಿ ಅಂದ್ರೆ ಇಡೀ ಕೆರೆಯೇ. ಒಂದೇ ಶಬ್ದ. ನಾನು ಒಬ್ಬನೇ ಓದಿದ್ದಿದ್ರೆ ಪೂರ್ತಿ ಕೆರೆಯನ್ನ ಕಟ್ಟೆ ಮಾಡಿಬಿಡ್ತಿದ್ದೆ!

ಮಾಲೂರಿನಲ್ಲಿ ನನಗೆ ದಾರಿ ತೋರಿಸಿದವರು ಟ್ರ್ಯಾಕ್ಟರ್ ಡ್ರೈವರ್‌ಗಳು. ಮಾಲೂರು ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಇಟ್ಟಿಗೆ ಗೂಡಿಗೆ ಮಣ್ಣು ಕೆರೆ ಅಂಗಳದಿಂದ ಹೋಗುತ್ತೆ. ಎಲ್ಲಿ ಅಗೆದಾಗ ಕಲ್ಲು ಸಿಕ್ತು, ಹಳೇ ಇಟ್ಟಿಗೆ ಗೋಡೆ ಸಿಕ್ತು, ಮಡಕೆ ಚೂರು ಸಿಕ್ತು, ಅವರಿಗೆ ಗೊತ್ತು. ಮೊದಲು ಅವರನ್ನ ಕಂಡ್ರೆ ಕೆರೆ ಹಾಳು ಮಾಡೋರು ಅಂತ ಬೈಕೊಂಡು ಹೋಗ್ತಿದ್ದೆ. ಈಗ ಟೀ ಕುಡಿಸಿ ಕೇಳ್ತೀನಿ.

ಮೊಬೈಲ್‌ನ ಉಪಕಾರ, ಮೊಬೈಲ್‌ನ ಮೋಸ

ಸಾಧನಗಳ ಮಾತಿಗೆ ಬರ್ತೀನಿ. ಅವುಗಳ ಉಪಕಾರ ಸಣ್ಣದಲ್ಲ. ಉಪಗ್ರಹದ ಚಿತ್ರದಲ್ಲಿ ನಮ್ಮ ಜಿಲ್ಲೆ ನೋಡಿ. ಏರಿಗಳು ಅರ್ಧಚಂದ್ರದ ಹಾಗೆ, ಒಂದರ ಕೆಳಗೊಂದು ಸರಪಳಿ ಕಟ್ಟಿದ ಹಾಗೆ ಕಾಣ್ತವೆ. ಸೈಕಲ್ ಮೇಲೆ ಹತ್ತು ವರ್ಷ ತಿರುಗಿದ್ರೂ ನನಗೆ ಆ ಸರಪಳಿ ಕಂಡಿರಲಿಲ್ಲ. ಒಂದೊಂದು ಕೆರೆಯನ್ನ ಬಿಡಿ ಬಿಡಿಯಾಗಿ ನೋಡ್ತಿದ್ದೆ. ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದು ಹೊಲದಲ್ಲಿ ನಿಂತ್ರೆ ಯಾವ ಸರ್ವೆ ನಂಬರ್‌ನಲ್ಲಿ ನಿಂತಿದ್ದೀನಿ, ಪಕ್ಕದ್ದು ಕೆರೆಯೋ ಹಳ್ಳವೋ ಗೊತ್ತಾಗುತ್ತೆ. ನೀಲಗಿರಿ ತೋಪಿನ ನಡುವೆ ಕಳೆದುಹೋದ ಬೇಚರಾಕ್ ಊರುಗಳು ಹಾಗೆ ಸಿಕ್ಕಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನ ತ್ರೀ-ಡಿ ಸ್ಕ್ಯಾನ್ ಮಾಡ್ತಿದ್ದಾರೆ. ಬರಿಗಣ್ಣಿಗೆ ಸವೆದುಹೋದ ಅಕ್ಷರ ಅದರಲ್ಲಿ ಎದ್ದು ಕಾಣುತ್ತೆ. ನಾನು ಸೀಮೆಸುಣ್ಣ ಉಜ್ಜೋದು ಬಿಟ್ಟಿದ್ದೀನಿ. ಸಂಜೆ ಇಳಿಬಿಸಿಲಲ್ಲಿ, ಇಲ್ಲಾಂದ್ರೆ ರಾತ್ರಿ ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೊ ತೆಗೀತೀನಿ. ಕಲ್ಲಿಗೆ ನೋವಿಲ್ಲ.

ಮೋಸ ಹೋದದ್ದೂ ಇದೆ. ಹೋದ ವರ್ಷ ಕುತೂಹಲಕ್ಕೆ ಒಂದು ಎಐ ಆ್ಯಪ್‌ನಲ್ಲಿ ನಮ್ಮ ಕಡೆಯ ಒಂದು ಊರಿನ ಹೆಸರು ಕೊಟ್ಟು ಅಲ್ಲಿನ ಕೆರೆ ಶಾಸನದ ಬಗ್ಗೆ ಕೇಳಿದೆ. ಎಷ್ಟು ಚಂದ ಉತ್ತರ ಕೊಡ್ತು ಅಂತೀರಿ! ರಾಜನ ಹೆಸರು, ಇಸವಿ, ದಾನ ಕೊಟ್ಟ ಜಮೀನಿನ ಅಳತೆ, ಸಂಪುಟದ ನಂಬರ್ ಸಮೇತ. ಪುಸ್ತಕ ತೆಗೆದು ನೋಡಿದ್ರೆ ಆ ನಂಬರ್‌ನಲ್ಲಿ ಬೇರೆ ಊರಿನ ಬೇರೆ ಶಾಸನ. ಮಗಳು ನಗ್ತಾ ಇದ್ಲು. ನನಗೆ ನಗು ಬರಲಿಲ್ಲ. ಯಾಕಂದ್ರೆ ಅದು ಮಾಡಿದ್ದು ನಾನು 2004ರಲ್ಲಿ ಮಾಡಿದ್ದನ್ನೇ. ಗೊತ್ತಿಲ್ಲದ ಜಾಗದಲ್ಲಿ ಗೊತ್ತಿರೋ ಹಾಗೆ ಕಾಣೋದನ್ನ ತುಂಬಿಸೋದು. ಯಂತ್ರವನ್ನ ಬೈಯೋಕೆ ನನಗೆ ಯಾವ ಹಕ್ಕಿದೆ?

ಇನ್ನೊಂದು ಮಾತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದ್ರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಮೊದಲಿಗೆ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಆ ನೀರಿನ ಒಳಿತು ಕೆಡುಕಿನ ಚರ್ಚೆ ಇವತ್ತಿನ ವಿಷಯ ಅಲ್ಲ. ಆ ನೀರು ಅಂತರ್ಜಲಕ್ಕೆ ಮಾತ್ರ, ತೂಬು ತೆಗೆದು ಗದ್ದೆಗೆ ಬಿಡೋ ಹಾಗಿಲ್ಲ. ಕೆರೆ ತುಂಬಿದೆ, ನೀರಗಂಟಿಗೆ ಕೆಲಸ ಇಲ್ಲ. ತುಂಬಿದ ಕೆರೆ ನೋಡ್ತಾ ದಡದಲ್ಲಿ ಸುಮ್ಮನೆ ಕೂತ ಮುದುಕರನ್ನ ಕಂಡಿದ್ದೀನಿ. ಅವರ ಹತ್ತಿರ ಇರೋ ಲೆಕ್ಕ, ಯಾವ ಕಾಲುವೆಯಿಂದ ಯಾವ ಕೆರೆಗೆ, ಕೋಡಿ ಎಷ್ಟು ಎತ್ತರ, ಯಾಕೆ ಅಷ್ಟೇ ಎತ್ತರ, ಇದನ್ನ ಬರ್ಕೊಳ್ಳೋಕೆ ನಮಗೆ ಬಹಳ ವರ್ಷ ಉಳಿದಿಲ್ಲ. ಸಾವಿರ ವರ್ಷ ನಿಂತ ಕಲ್ಲು ಇನ್ನೂ ಹತ್ತು ವರ್ಷ ಕಾಯುತ್ತೆ. ಎಂಬತ್ತೈದರ ತಾತ ಕಾಯೋಕಾಗಲ್ಲ.

ತಿದ್ದುಪಡಿ

ಆ ಎರಡು ಊರಿನ ಕಥೆ ಏನಾಯ್ತು ಅಂತ ಕೇಳ್ತೀರಿ. ತಿದ್ದುಪಡಿ ಬರೆದೆ. ಬರೆದು ಪೇಪರ್‌ಗೆ ಕಳಿಸಿದ್ರೆ ಸಾಲದು ಅನ್ನಿಸ್ತು, ಜೆರಾಕ್ಸ್ ಇರೋದು ಆ ಊರಲ್ಲಿ ತಾನೇ? ಎರಡೂ ಊರಿಗೆ ಹೋಗಿ ಗುಡಿ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಮೇಲಿನ ಊರಲ್ಲಿ ಒಬ್ಬರು ಎದ್ದು, ‘ಇಷ್ಟು ವರ್ಷ ಆದ್ಮೇಲೆ ಬಂದು ಹೀಗೆ ಹೇಳೋದಾದ್ರೆ ಆವತ್ತು ಶಾಲು ಯಾಕೆ ಹೊದ್ಕೊಂಡ್ರಿ?’ ಅಂದ್ರು. ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಳಗಿನ ಊರಿನ ಹುಡುಗರು, ‘ಹಾಗಾದ್ರೆ ಮೊದಲ ಹಕ್ಕು ನಮ್ಮದು!’ ಅಂತ ಕುಣಿದ್ರು. ಅವರಿಗೂ ಹೇಳಬೇಕಾಯ್ತು: ಶಾಸನ ಯಾರ ಕಡೆ ಇದ್ರೂ ಕೋಡಿ ಎತ್ತರ ಅದರಲ್ಲಿ ಬರೆದಿಲ್ಲ, ಕಣ್ರಪ್ಪಾ. ಕೊನೆಗೆ ಇಲಾಖೆಯ ಇಂಜಿನಿಯರ್ ಬಂದು ಮಟ್ಟ ನೋಡಿ ಮೂಟೆ ತೆಗೆಸಿದ್ರು. ಮಟ್ಟ ಎಷ್ಟಿರಬೇಕು ಅನ್ನೋದಕ್ಕೆ ಹಳೇ ಗುರುತು ತೋರಿಸಿದವರು ಅದೇ ಅಜ್ಜಿ. ಕೋಡಿ ಬಂಡೆ ಮೇಲೆ ಅವರ ಯಜಮಾನರು ಉಳಿಯಲ್ಲಿ ಹೊಡೆದಿದ್ದ ಒಂದು ಗೆರೆ.

ನಾನು ಓದಿದ ತಿದ್ದುಪಡಿಯನ್ನ ಅಜ್ಜಿ ಪೂರ್ತಿ ಕೇಳಿದ್ರು. ಕೇಳಿ, ‘ಮೇಷ್ಟ್ರೇ, ಇನ್ನೊಂದು ತಪ್ಪಿದೆ. ಒಂದು ಗಾಡಿ ಅಲ್ಲ, ಎರಡು ಗಾಡಿ’ ಅಂದ್ರು. ಅಲ್ಲೇ ತಿದ್ದಿದೆ. ಎರಡನೇ ಗಾಡಿಯಲ್ಲಿ ಬಂದ ಕಲ್ಲು ಎಲ್ಲಿ ಅಂತ ಈಗ ಹುಡುಕ್ತಾ ಇದ್ದೀನಿ.

ಈಗ ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಪುಟಕ್ಕೆ ಹೊಸದಾಗಿ ಎರಡು ಕಾಲಂ ಇದೆ. ಒಂದು, ‘ಇದನ್ನ ಯಾರು ಹೇಳಿದ್ರು, ಅವರಿಗೆ ಹೇಗೆ ಗೊತ್ತು’. ಇನ್ನೊಂದು, ‘ಯಾರನ್ನ ಕೇಳಿಲ್ಲ’. ಎರಡನೇ ಕಾಲಂ ತುಂಬಿದ್ರೆ ಆ ಪುಟ ಲೇಖನ ಆಗೋದಿಲ್ಲ, ಮತ್ತೆ ಆ ಊರಿಗೆ ಹೋಗಬೇಕು. ಇದರಿಂದ ನನ್ನ ಬರಹ ಕಡಿಮೆ ಆಗಿದೆ. ಮೊದಲು ವರ್ಷಕ್ಕೆ ಆರು ಲೇಖನ ಬರೀತಿದ್ದೆ, ಈಗ ಒಂದು ಆದ್ರೆ ಹೆಚ್ಚು. ಬೇಜಾರಿಲ್ಲ.

ಕೇಳ್ತಾ ಇರೋ ನಿಮ್ಮಲ್ಲಿ ಎರಡು ವಿನಂತಿ. ನಿಮ್ಮೂರಲ್ಲಿ ಅಕ್ಷರ ಇರೋ ಕಲ್ಲು ಕಂಡ್ರೆ ಆಯಿಲ್ ಪೇಂಟ್ ಬಳಿಯಬೇಡಿ, ಆಸಿಡ್ ಹಾಕಿ ತೊಳೀಬೇಡಿ, ಇದ್ದ ಜಾಗದಿಂದ ಎತ್ತಬೇಡಿ. ಒಂದು ಫೋಟೊ ತೆಗೆದು, ಜಾಗ ಗುರುತು ಮಾಡಿಟ್ಕೊಳ್ಳಿ. ಇದು ಒಂದನೇದು. ಎರಡನೇದು ಇನ್ನೂ ಸುಲಭ. ಇವತ್ತು ಸಂಜೆ ಮನೆಯಲ್ಲೋ ಬೀದಿಯಲ್ಲೋ ಇರೋ ಹಿರಿಯರ ಹತ್ತಿರ ಕೂತು, ‘ಈ ಕಲ್ಲು ಇಲ್ಲಿಗೆ ಹೇಗೆ ಬಂತು?’ ಅಂತ ಒಂದು ಮಾತು ಕೇಳಿ. ಫೋನ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಅವರ ಒಪ್ಪಿಗೆ ಕೇಳಿ.

ನಾನು ಮೂರು ಸಲ ಆ ತಾತನ ಪಕ್ಕದಲ್ಲೇ ಇದ್ದೆ, ಕೇಳಲಿಲ್ಲ. ನೀವು ಕೇಳಿ.